ಮಾರ್ಚ್ ತಿಂಗಳ ಲಾಭ

ಬರೆಯದೆ ಎರಡು ತಿಂಗಳಾಯ್ತು. ಮೊನ್ನೆ ಸೋದರಮಾವನ ಮಗ ಫೋನ್ ಮಾಡಿ ಒಂದು ಕಂಪನಿಯ ಹೆಸರು ಹೇಳಿದ. "ಹನ್ನೆರಡು ಕ್ವಾರ್ಟರ್‌ನಿಂದ ಲಾಭ ಏರ್ತಾನೇ ಇದೆ ಕಣೋ, ಒಂದು ಸಲವೂ ಇಳಿದಿಲ್ಲ. ಶೇರು ತಗೊಳ್ಳೋಕೆ ಇಷ್ಟು ಸಾಕಲ್ವಾ?" ನನಗೆ ಅದೇ ಭಯ ಅಂದೆ. ಅವನು ನಕ್ಕ. ಫೋನಿನಲ್ಲಿ ಸರಿಯಾಗಿ ಹೇಳೋಕಾಗಲಿಲ್ಲ, ಇಲ್ಲಿ ಹೇಳಿಕೊಳ್ತೀನಿ.

ನಾನು ಮೊದಲು ಕೆಲಸಕ್ಕಿದ್ದ ಕಂಪನಿಯಲ್ಲಿ (ಹೆಸರು ಬೇಡ ಬಿಡಿ) ಮಾರ್ಚ್ ಕೊನೆಯ ವಾರ ಅಂದ್ರೆ ಜಾತ್ರೆ. ಗೋಡೌನ್‌ನಲ್ಲಿದ್ದ ಮಾಲೆಲ್ಲ ಲಾರಿ ಹತ್ತಿ ಡೀಲರುಗಳ ಗೋಡೌನ್ ಸೇರುತ್ತಿತ್ತು. ಬೇಕು ಅಂತ ಅವರೇನೂ ಕೇಳಿರಲಿಲ್ಲ. "ಇಟ್ಕೊಂಡಿರಿ, ಹೋಗದಿದ್ರೆ ಏಪ್ರಿಲ್‌ನಲ್ಲಿ ವಾಪಸ್ ಕಳ್ಸಿ" ಅಂತ ಸೇಲ್ಸ್‌ನವರದ್ದು ಬಾಯಿಮಾತು. ಬಿಲ್ ಮಾತ್ರ ಮಾರ್ಚ್ 31ರ ಒಳಗೆ. ಪುಸ್ತಕದಲ್ಲಿ ಮಾರಾಟ ಬಂತು, ಲಾಭವೂ ಬಂತು. ಏಪ್ರಿಲ್‌ನಲ್ಲಿ ಅದೇ ಲಾರಿ, ಅದೇ ಮಾಲು, ಬಂದ ದಾರಿಗೇ ಸುಂಕವಿಲ್ಲ... ಮುಂದಿನ ವರ್ಷ ಆ ಹಳ್ಳ ಮುಚ್ಚೋಕೆ ಇನ್ನೊಂದಿಷ್ಟು ಲಾರಿ. ಆ ಬಿಲ್‌ಗಳನ್ನು ಎಂಟ್ರಿ ಮಾಡಿದವರಲ್ಲಿ ನಾನೂ ಒಬ್ಬ. ನಮಗ್ಯಾರಿಗೂ ಅದು ಕಳ್ಳತನ ಅನ್ನಿಸಿರಲಿಲ್ಲ. "ಸ್ವಲ್ಪ ಅಡ್ಜಸ್ಟ್‌ಮೆಂಟು" ಅಷ್ಟೇ.

ಎಲ್ಲವೂ ಇಷ್ಟು ಒರಟಾಗಿರಬೇಕಿಲ್ಲ. ಯಂತ್ರದ ಆಯಸ್ಸು ಹತ್ತು ವರ್ಷದ ಬದಲು ಹದಿನೈದು ಅಂತ ಅಂದಾಜು ಮಾಡಿದರೆ ಸವಕಳಿ ಕಡಿಮೆಯಾಗಿ ಲಾಭ ಜಾಸ್ತಿ ಕಾಣುತ್ತೆ. ಕಾರಣವಿದ್ದರೆ ಅದಕ್ಕೆ ಕಾನೂನಿನ ಅಡ್ಡಿಯೂ ಇಲ್ಲ. ವಾರ್ಷಿಕ ವರದಿಯ ಹಿಂಭಾಗದ ಟಿಪ್ಪಣಿಗಳಲ್ಲಿ ಬರೆದಿರ್ತಾರೆ, ಓದೋರ್ಯಾರು?

ಸತ್ಯಂ ನೆನಪಿರಬೇಕಲ್ಲ. 2009ರ ಜನವರಿ 7ರಂದು ರಾಮಲಿಂಗ ರಾಜು ಬರೆದ ಪತ್ರದ ಪ್ರಕಾರ, 2008ರ ಜುಲೈ-ಸೆಪ್ಟೆಂಬರ್‌ನಲ್ಲಿ ತೋರಿಸಿದ್ದ ಕಾರ್ಯಾಚರಣೆ ಲಾಭ 649 ಕೋಟಿ, ನಿಜವಾದದ್ದು 61 ಕೋಟಿ! ಪುಸ್ತಕದಲ್ಲಿದ್ದ ನಗದು ಮತ್ತು ಬ್ಯಾಂಕ್ ಹಣದಲ್ಲಿ 5,040 ಕೋಟಿ ಇರಲೇ ಇಲ್ಲ. 180 ರೂಪಾಯಿ ಹತ್ತಿರವಿದ್ದ ಶೇರು ಸಂಜೆಗೆ 40ರ ಆಸುಪಾಸು. ಆದರೆ ಆ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಅಂಕಿಗಳಲ್ಲ. ಶುರುವಿನಲ್ಲಿ ಅಂತರ ಅಲ್ಪವಾಗಿತ್ತು, ವರ್ಷದಿಂದ ವರ್ಷಕ್ಕೆ ಬೆಳೆಯಿತು ಅಂತ ಬರೆದಿದ್ದರಲ್ಲ, ಅದು. ನಮ್ಮ ಲಾರಿಗಳು ನೆನಪಾದವು.

ತಪ್ಪು ಬರೀ ಕಂಪನಿಯವರದ್ದು ಅನ್ನೋಕೂ ನನಗೆ ಮನಸ್ಸಿಲ್ಲ. ವಿಶ್ಲೇಷಕರ ಅಂದಾಜಿಗಿಂತ ಲಾಭ ಚೂರು ಕಡಿಮೆ ಬಂದರೆ ಮಾರನೇ ದಿನ ಶೇರು ಮಾರೋರು ನಾವೇ. ಮಳೆ ಕೈಕೊಟ್ಟರೂ ಡಾಲರ್ ಏರಿಳಿದರೂ ಲಾಭ ಮಾತ್ರ ಮೂರು ತಿಂಗಳಿಗೊಮ್ಮೆ ಮೆಟ್ಟಿಲು ಹತ್ತಬೇಕು ಅಂದರೆ ಹೇಗೆ ಸ್ವಾಮಿ? "ಈ ಸಲ ವ್ಯಾಪಾರ ಕೆಟ್ಟಿತು, ನಮ್ಮ ಲೆಕ್ಕಾಚಾರ ತಪ್ಪಿತು" ಅಂತ ಬರೆಯೋ ಕಂಪನಿಯ ಮೇಲೆ ನನಗೆ ನಂಬಿಕೆ ಜಾಸ್ತಿ.

ಹಾಗಂತ ಲೆಕ್ಕಪತ್ರ ಓದೋದೇ ವ್ಯರ್ಥ ಅಂತ ಅಲ್ಲ. ನಾನು ಲಾಭದ ಸಾಲಿನಿಂದ ಶುರು ಮಾಡಲ್ಲ, ಅಷ್ಟೇ. ನಗದು ಹರಿವಿನ ಪಟ್ಟಿಯಲ್ಲಿ ವ್ಯಾಪಾರದಿಂದ ಕೈಗೆ ಬಂದ ಹಣ ಎಷ್ಟು ಅಂತ ನೋಡ್ತೀನಿ. ಲಾಭ ವರ್ಷವರ್ಷವೂ ಏರ್ತಿದ್ದು ಈ ಹಣ ಏರದಿದ್ದರೆ, ಗಿರಾಕಿಗಳಿಂದ ಬರಬೇಕಾದ ಬಾಕಿ ಮಾರಾಟಕ್ಕಿಂತ ಜೋರಾಗಿ ಬೆಳೀತಿದ್ದರೆ, ಎಲ್ಲೋ ಲಾರಿ ಓಡಾಡ್ತಿದೆ ಅಂತ ಅನುಮಾನ. ಬೆಳೆಯೋ ಕಂಪನಿಯಲ್ಲಿ ಇದಕ್ಕೆ ಸರಿಯಾದ ಕಾರಣವೂ ಇರಬಹುದು, ಅದಕ್ಕೇ ಎರಡು ಮೂರು ವರ್ಷದ್ದು ಒಟ್ಟಿಗೆ ನೋಡಬೇಕು. ಸತ್ಯಂನಂತೆ ಬ್ಯಾಂಕ್ ಹಣವನ್ನೇ ಸುಳ್ಳು ತೋರಿಸಿದರೆ ಈ ಉಪಾಯವೂ ನಡೆಯಲ್ಲ. ಅದನ್ನು ಹಿಡಿಯಬೇಕಾದವರು ಆಡಿಟರು, ಬ್ಯಾಂಕಿಗೇ ನೇರವಾಗಿ ಬರೆದು ಕೇಳಿ.

ಇಷ್ಟನ್ನೂ ನಿನ್ನೆ ಅವನಿಗೆ ಮತ್ತೆ ಫೋನ್ ಮಾಡಿ ಹೇಳಿದೆ. ಆಗಲೇ ಐವತ್ತು ಶೇರು ತಗೊಂಡಾಗಿದೆಯಂತೆ :) ಬಾಕಿ ಎಷ್ಟಿದೆ ನೋಡು ಅಂದೆ. ನೋಡ್ತಾನಂತೆ, ಭಾನುವಾರ.