ಅಪ್ಪನ ಬ್ಯಾರನ್, ನನ್ನ ಬಕೆಟ್

ಒಂದು ವಿಷಯವನ್ನ ಎರಡು ವರ್ಷ ಮನೆಯವರಿಂದ ಮುಚ್ಚಿಟ್ಟಿದ್ದೆ. ಇಷ್ಟೇನಾ ಅಂತ ನೀವು ನಗಬಹುದು. ನಾನು ಮನೆಯಲ್ಲಿ ಬಿಯರ್ ಮಾಡ್ತೀನಿ.

ಕೆಲಸದ ಮೇಲೆ ಬೆಲ್ಜಿಯಂನ ಲುವೆನ್‌ಗೆ ಬಂದವನು ನಾನು. ಇಲ್ಲಿ ಸ್ವಂತ ಬಳಕೆಗೆ ಬಿಯರ್ ಮಾಡಿಕೊಂಡರೆ ತಪ್ಪಲ್ಲ. ಇಲ್ಲಿಯ ಬಿಯರ್ ಸಂಸ್ಕೃತಿಯನ್ನು 2016ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೇ ಸೇರಿಸಿದೆ. ನಮ್ಮಲ್ಲಿ ಹಾಗಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮಾಡುವಂತಿಲ್ಲ. ಆದರೆ ನಾನು ಮುಚ್ಚಿಟ್ಟಿದ್ದು ಕಾಯ್ದೆಗೆ ಹೆದರಿ ಅಲ್ಲ, ಅಪ್ಪನಿಗೆ ಹೆದರಿ.

ನಮ್ಮದು ಹುಣಸೂರು ತಾಲ್ಲೂಕಿನ ಹಳ್ಳಿ. ಹೊಗೆಸೊಪ್ಪು ಬೆಳೆಯೋ ಮನೆ. ದೊಡ್ಡಪ್ಪ ಸಾರಾಯಿ ಚಟಕ್ಕೆ ಬಿದ್ದು ತೀರಿಹೋದರು. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ಅಪ್ಪ, "ಎರಡು ವರ್ಷ ಮುಂಚೇನೇ ನಿಲ್ಲಿಸಿದ್ರೆ ನಮ್ಮಣ್ಣ ಇರ್ತಿದ್ದ" ಅಂದಿದ್ದರು. ಆಮೇಲೆ ಮನೆಯಲ್ಲಿ ಕುಡಿತದ ಮಾತೇ ಬರಲಿಲ್ಲ.

ಹೋದ ಸೆಪ್ಟೆಂಬರ್‌ನಲ್ಲಿ 'ಸೈಸನ್' ಅನ್ನೋ ಬೆಲ್ಜಿಯನ್ ಏಲ್ ಮಾಡೋಕೆ ಕೂತೆ. ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿಯ ಸಿಹಿ ನೀರಿಗೆ ಯೀಸ್ಟ್ ಹಾಕಬೇಕು. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತೆ. ಎಷ್ಟು ಪಾಲು ಸಕ್ಕರೆ ತಿಂದಿತು ಅನ್ನೋದಕ್ಕೆ 'ಅಟೆನ್ಯುಯೇಶನ್' ಅಂತಾರೆ. ಹಾಲಿನ ಡೈರಿಯಲ್ಲಿ ಲ್ಯಾಕ್ಟೋಮೀಟರ್ ಮುಳುಗಿಸಿ ನೋಡ್ತಾರಲ್ಲ, ಹಾಗೇ ಇಲ್ಲಿ ಹೈಡ್ರೋಮೀಟರ್. ಶುರುವಿನಲ್ಲಿ ನನ್ನದು 1.060 ಇತ್ತು. ಅದು 1.010ಕ್ಕಿಂತ ಕೆಳಗೆ ಇಳಿಯಬೇಕಿತ್ತು. ಆದರೆ ವಾರ ಕಳೆದರೂ 1.030ರಲ್ಲೇ ನಿಂತಿತ್ತು. ಅಂದ್ರೆ ಬರೀ ಅರ್ಧ.

ಅವತ್ತು ರಾತ್ರಿ ಎಂಟಕ್ಕೆ ಅಪ್ಪ ವಿಡಿಯೊ ಕಾಲ್ ಮಾಡಿದರು. ಅಲ್ಲಿ ಹನ್ನೊಂದೂವರೆ. ಬ್ಯಾರನ್ ಮುಂದೆ ಕೂತಿದ್ದರು, ಸೊಪ್ಪು ಬೇಯಿಸೋ ಕಾಲ.

"ಅದೇನ್ಲಾ, ಬಕೆಟ್ ಮುಂದೆ ಕೂತ್ಕಂಡಿದೀಯ?"

ದೋಸೆ ಹಿಟ್ಟು ಅಂತ ಬಾಯಿಗೆ ಬಂತು. ಏನಾಯ್ತೋ, ನಿಜ ಹೇಳಿಬಿಟ್ಟೆ.

ಅಪ್ಪ ಮಾತಾಡಲಿಲ್ಲ. ಒಲೆಗೆ ಸೌದೆ ನೂಕಿದ ಸದ್ದಷ್ಟೇ ಕೇಳಿಸಿತು. ಆಮೇಲೆ ಕೇಳಿದರು, "ಕಾವೆಷ್ಟಿದೆ?"

"17 ಡಿಗ್ರಿ. ಶುರುನಲ್ಲಿ 20 ಇತ್ತು. ಆಮೇಲೆ ಚಳಿ ಬಂತು."

"ಮತ್ತೆ, ತಣ್ಣಗಾದ್ರೆ ಮಲ್ಕಳಲ್ವೇನ್ಲಾ ಅದು?"

ಬ್ಯಾರನ್ ನೋಡದವರಿಗೆ ಹೇಳ್ತೀನಿ. ಹುಣಸೂರು, ಪಿರಿಯಾಪಟ್ಟಣ, ಎಚ್‌.ಡಿ. ಕೋಟೆ ಕಡೆ ಹಸಿ ಸೊಪ್ಪನ್ನು ಬ್ಯಾರನ್‌ನಲ್ಲಿ ತೂಗುಹಾಕಿ ಐದಾರು ದಿನ ಕಾವು ಕೊಡ್ತಾರೆ. ಮೊದಲು 100 ಫ್ಯಾರನ್‌ಹೀಟ್ ಆಸುಪಾಸು. ಆಗ ಎಲೆಗೆ ಇನ್ನೂ ಜೀವ ಇರುತ್ತೆ, ತನ್ನೊಳಗಿನ ಪಿಷ್ಟವನ್ನು ಸಕ್ಕರೆ ಮಾಡ್ಕೊಂಡು ಹಳದಿಗೆ ತಿರುಗುತ್ತೆ. ಅವಸರಪಟ್ಟು ಕಾವು ಏರಿಸಿದರೆ ಹಸಿರಾಗೇ ನಿಂತುಬಿಡುತ್ತೆ. ಹಳದಿ ಬಂದಮೇಲೆ ಮೆಲ್ಲಮೆಲ್ಲಗೆ ಏರಿಸಿ, ಕೊನೆಗೆ ಎಲೆಯ ನಡುವಿನ ದಪ್ಪ ನರ ಒಣಗೋಕೆ 160ರವರೆಗೆ ಹೋಗಬೇಕು. ನರ ಒಣಗದೆ ಬೇಲ್ ಕಟ್ಟಿದರೆ ಒಳಗೆ ಬೂಷ್ಟು ಹಿಡಿಯುತ್ತೆ.

ಡಿಗ್ರಿಗಳು ಬೇರೆ, ಬಿಯರ್‌ನಲ್ಲೂ ಲೆಕ್ಕ ಅದೇ. ಮೊದಲ ಎರಡು ಮೂರು ದಿನ ಕಾವು ಜಾಸ್ತಿಯಾದರೆ ನೇಲ್ ಪಾಲಿಶ್ ರಿಮೂವರ್ ಥರದ ಘಾಟು ಬರುತ್ತೆ. ಆ ಹೊತ್ತಲ್ಲಿ ಯೀಸ್ಟೇ ಬಿಸಿ ಹುಟ್ಟಿಸುತ್ತೆ, ಹಾಗಾಗಿ ಬಕೆಟ್ ಒಳಗೆ ಕೋಣೆಗಿಂತ ಕಾವು ಹೆಚ್ಚೇ ಇರುತ್ತೆ. ಕೆಲಸ ಮುಗಿಯುತ್ತಾ ಬಂದಾಗ ಆ ಬಿಸಿಯೂ ಇಳಿಯುತ್ತೆ, ಯೀಸ್ಟ್ ತಳ ಸೇರಿ ಮಲಗುತ್ತೆ. ನಾವು ಕಾವು ಏರಿಸಬೇಕಾದ್ದು ಆಗ. ಇಲ್ಲಿಯ ವೆಸ್ಟ್‌ಮಾಲೆ ಮಠದವರು 20 ಡಿಗ್ರಿ ದಾಟದ ಹಾಗೆ ನೋಡಿಕೊಳ್ತಾರೆ. ಅವರಿಂದಲೇ ಯೀಸ್ಟ್ ತರೋ ವೆಸ್ಟ್‌ವ್ಲೆಟೆರೆನ್ ಮಠದವರು 28ರ ಹತ್ತಿರದವರೆಗೂ ಏರೋಕೆ ಬಿಡ್ತಾರೆ. ಯೀಸ್ಟ್ ಒಂದೇ, ರುಚಿ ಎರಡು. ಸೈಸನ್ ಯೀಸ್ಟಿಗಂತೂ ಇನ್ನೂ ಜಾಸ್ತಿ ಕಾವು ಬೇಕು.

"ದಿನಕ್ಕೆ ಎರಡೆರಡೇ ಏರಿಸು. ಒಂದೇ ಸಲ ಉರಿ ಹಾಕ್ಬೇಡ" ಅಂದರು ಅಪ್ಪ.

ಬಕೆಟ್‌ಗೆ ರಗ್ಗು ಸುತ್ತಿ, ಮಗ್ಗುಲಲ್ಲಿ ಹೀಟಿಂಗ್ ಪ್ಯಾಡ್ ಇಟ್ಟೆ. 19, 21, 23... ಒಂದು ವಾರದಲ್ಲಿ 29. ನಾಲ್ಕನೇ ದಿನವೇ ಮತ್ತೆ ಗುಳ್ಳೆ ಬಂತು. ದಿನಾ ರಾತ್ರಿ ಅಪ್ಪನ ಫೋನ್: "ಎಷ್ಟಕ್ಕಿಳೀತು?" ನಾನು ಕೇಳ್ತಿದ್ದೆ, "ಬ್ಯಾರನ್ ಎಷ್ಟಿದೆ?" ಇಷ್ಟು ವರ್ಷ "ಊಟ ಆಯ್ತಾ" ಬಿಟ್ಟು ಬೇರೆ ಮಾತಿಲ್ಲದ ನಮ್ಮಿಬ್ಬರಿಗೆ ಇದು ಹೊಸದು.

1.012 ಬಂದಾಗ ಬಾಟಲಿಗೆ ತುಂಬಿಬಿಡೋಣ ಅನ್ನಿಸಿತು. "ನಿಂತ್ಕಂಡೈತಾ, ಇನ್ನೂ ಇಳೀತೈತಾ?" ಅಂತ ಅಪ್ಪ ಕೇಳಿದರು. ಇಳೀತಾ ಇತ್ತು. ಸಕ್ಕರೆ ಉಳಿದಿರುವಾಗಲೇ ಮುಚ್ಚಳ ಹಾಕಿದರೆ ಒಳಗೆ ಗ್ಯಾಸ್ ಕಟ್ಟಿ ಬಾಟಲಿ ಸಿಡಿಯಬಹುದು. ಕಾದೆ. 1.008ಕ್ಕೆ ಬಂದು, ಮೂರು ದಿನ ಅಲ್ಲೇ ನಿಂತಿತು. ಶೇ 87ರ ಹತ್ತಿರ. ಆಮೇಲೇ ತುಂಬಿದ್ದು.

ಆ ರಾತ್ರಿ ಅಪ್ಪ ತಾವಾಗೇ ಹೇಳಿದರು, "ನಿಮ್ ದೊಡ್ಡಪ್ಪನಂಗೆ ಬ್ಯಾರನ್ ಕಾಯೋರು ಊರಲ್ಲೇ ಇರ್ಲಿಲ್ಲ ಕಣ್ಲಾ. ಕುಡಿದಿದ್ ರಾತ್ರಿ ಬಿಟ್ಟು."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

"ನೀನು ಎಷ್ಟು ಕುಡೀತೀಯ?"

"ವಾರಕ್ಕೊಂದು ಬಾಟ್ಲಿ ಅಪ್ಪ. ಮಿಕ್ಕಿದ್ದು ಸ್ನೇಹಿತರಿಗೆ."

"ಅದ್ಕೂ ಒಂದು ಅಳತೆ ಇಟ್ಕೊ. ತಪ್ಪಿದ್ರೆ ನಂಗೇ ಮೊದ್ಲು ಹೇಳು."

ಈಗ ಬಕೆಟ್ ಪಕ್ಕದ ಪುಸ್ತಕದಲ್ಲಿ ಎರಡು ಲೆಕ್ಕ ಬರೀತೀನಿ, ಹೈಡ್ರೋಮೀಟರ್‌ದೊಂದು, ನಂದೊಂದು. ಭಾನುವಾರ ಅಪ್ಪ ಎರಡನ್ನೂ ಕೇಳ್ತಾರೆ.