ಯಾರನ್ನು ಕೇಳಿ ಕಡಿದಿರಿ?

ಇಲ್ಲೇ ಮಂಡ್ಯದ ಕೊತ್ತತ್ತಿ ಸುತ್ತಿನ ಒಂದು ಊರು, ಹೆಸರು ಬೇಡ. ನಾಲೆ ಏರಿಯ ಹೊಂಗೆ ಸಾಲು ಬೆಳಗಾಗುವುದರೊಳಗೆ ಬುಡಮೇಲಾಗಿತ್ತು. ಹಸಿ ಬೇರುಗಳ ಮೇಲೆ ಜೆಸಿಬಿ ಹಲ್ಲಿನ ಗುರುತು ಬೆಳ್ಳಗೆ ಕಾಣುತ್ತಿತ್ತು. ನಾಟಿಗೆ ಬಂದ ಹೆಂಗಸರು ಬುತ್ತಿ ಬಿಚ್ಚುತ್ತಿದ್ದುದು ಆ ನೆರಳಲ್ಲಿ, ಕಬ್ಬಿನ ಗಾಡಿಯ ಎತ್ತುಗಳು ಸುಧಾರಿಸಿಕೊಳ್ಳುತ್ತಿದ್ದುದೂ ಅಲ್ಲೇ. ಯಾರು ಹೇಳಿದ್ದು ಎಂದು ಕೇಳಿದರೆ ಬಂದ ಉತ್ತರ ಒಂದೇ: ‘ಮೀಟಿಂಗಲ್ಲಿ ಪಾಸಾಗೋಗದೆ ಕಣಣ್ಣ.’

ಯಾವ ಮೀಟಿಂಗು? ಯಾವತ್ತು ನಡೆಯಿತು? ಯಾರ್‍ಯಾರು ಕೂತಿದ್ದರು? ಪಂಚಾಯ್ತಿ ಕಚೇರಿಯ ಸೂಚನಾ ಫಲಕ ನೋಡಲು ಹೋದೆ. ಗಾಜಿನ ಪೆಟ್ಟಿಗೆ, ಅದಕ್ಕೊಂದು ಬೀಗ, ಒಳಗೆ ಬಿಸಿಲಿಗೆ ಹಳದಿಗಟ್ಟಿದ ಒಂದು ಹಾಳೆ. ದಿನಾಂಕವೂ ಮಾಸಿಹೋಗಿತ್ತು. ಊರಿನ ಮರ, ಊರಿನ ಕೆರೆ, ಊರಿನ ಗೋಮಾಳದ ಹಣೆಬರಹ ತೀರ್ಮಾನವಾಗುವ ಸಭೆಗೆ ಊರಿಗೇ ಕರೆಯಿಲ್ಲ. ಜೆಸಿಬಿ ಬರುವ ಮೊದಲೇ ಮರವನ್ನು ಕೊಂದದ್ದು ಈ ಮೌನ.

ಕಾನೂನು ಇಲ್ಲವೆಂದು ಯಾರೂ ಹೇಳುವಂತಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯ್ತಿಯ ಸಾಮಾನ್ಯ ಸಭೆಗೆ ಏಳು ದಿನ, ವಿಶೇಷ ಸಭೆಗೆ ಮೂರು ದಿನ ಮುಂಚೆ ನೋಟಿಸು ಕೊಡಬೇಕು. ಚರ್ಚೆಗೆ ಬರುವ ವಿಷಯ ಅದರಲ್ಲಿರಬೇಕು. ಇನ್ನು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಪ್ರಕರಣ: ಮಂಡಳಿ, ಸಮಿತಿಗಳ ಸಭೆ ಜನರಿಗೆ ತೆರೆದಿದೆಯೇ, ಅದರ ನಡಾವಳಿ ಜನರ ಕೈಗೆ ಸಿಗುತ್ತದೆಯೇ ಎಂಬುದನ್ನು ಪ್ರತಿ ಕಚೇರಿಯೂ ತಾನಾಗಿಯೇ ಪ್ರಕಟಿಸಬೇಕು. ಜನರ ಮೇಲೆ ಪರಿಣಾಮ ಬೀರುವ ಮುಖ್ಯ ತೀರ್ಮಾನದ ಸಂಗತಿಗಳನ್ನು ಬಹಿರಂಗಪಡಿಸಬೇಕು. ಅದೂ ಸ್ಥಳೀಯ ಭಾಷೆಯಲ್ಲಿ. ಕೇಂದ್ರದ ಈ ಕಾಯ್ದೆಗೆ ಮೊದಲೇ, 2000ದಲ್ಲೇ, ಮಾಹಿತಿ ಹಕ್ಕಿನ ಕಾಯ್ದೆ ಮಾಡಿದ ರಾಜ್ಯ ನಮ್ಮದು. ಅಂಥ ರಾಜ್ಯದ ಕಚೇರಿಗಳ ಗೋಡೆ ಇಷ್ಟು ಬರಿದಾಗಿರುವುದು ಅಪರಾಧ.

‘ಕರೆದರೂ ಜನ ಬರುವುದಿಲ್ಲ’ ಎನ್ನುತ್ತಾರೆ ಪಂಚಾಯ್ತಿಯವರು. ಹೇಗೆ ಬರಬೇಕು? ನಾಟಿಯ ಕಾಲದಲ್ಲಿ, ವಾರದ ನಡುವೆ, ಬೆಳಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ಗದ್ದೆ ಬಿಟ್ಟು ಯಾರು ಬಂದಾರು? ಸಂಘದ ಹೆಂಗಸರನ್ನೂ ಅಂಗನವಾಡಿಯವರನ್ನೂ ಕೂರಿಸಿ, ಸಹಿ ಹಾಕಿಸಿ, ಫೋಟೊ ತೆಗೆದರೆ ಅದು ಗ್ರಾಮಸಭೆ ಆಗುವುದಿಲ್ಲ. ಇದೇ ಜನ ದಿನಾ ಬೆಳಗ್ಗೆ ಕ್ಯಾನು ಹಿಡಿದು ಹಾಲಿನ ಡೇರಿ ಮುಂದೆ ಸಾಲು ನಿಲ್ಲುತ್ತಾರೆ. ಆ ಡೇರಿಯ ಗೋಡೆಗೆ ಒಂದು ಹಾಳೆ ಅಂಟಿಸಿದರೆ ಒಂದು ಗಂಟೆಯಲ್ಲಿ ಊರಿಗೆಲ್ಲ ಸುದ್ದಿ ಮುಟ್ಟುತ್ತದೆ. ಅಂಟಿಸುವುದಿಲ್ಲ, ಏಕೆಂದರೆ ಮುಟ್ಟುವುದು ಅವರಿಗೆ ಬೇಕಾಗಿಲ್ಲ.

ಪಕ್ಕದ ಮೈಸೂರನ್ನೇ ನೋಡಿ. 2025ರ ಏಪ್ರಿಲ್‌ನಲ್ಲಿ ಹೈದರಾಲಿ ರಸ್ತೆಯ 40 ಮರಗಳನ್ನು ರಸ್ತೆ ಅಗಲೀಕರಣಕ್ಕೆಂದು ರಾತ್ರೋರಾತ್ರಿ ಉರುಳಿಸಿದರು. ಬೆಳಗ್ಗೆ ಎದ್ದ ನಗರಕ್ಕೆ ಸಿಕ್ಕಿದ್ದು ಬರಿಯ ಬೊಡ್ಡೆಗಳು. 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕೆಂದು ನಮ್ಮ ವೃಕ್ಷ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಹಾಗಾದರೆ 40 ಮರಕ್ಕೆ ಬೆಲೆಯಿಲ್ಲವೇ? ಆ ರಸ್ತೆಯಲ್ಲಿ ನಡೆದಾಡುವವರನ್ನು ಒಂದು ಮಾತು ಕೇಳಲು ಲೆಕ್ಕ ಐವತ್ತು ದಾಟಬೇಕೇ? ಮಾಡುತ್ತಿರುವ ಕೆಲಸ ನ್ಯಾಯವಾದದ್ದೆಂಬ ನಂಬಿಕೆ ಇದ್ದವರು ಹಗಲಲ್ಲಿ ಕಡಿಯುತ್ತಾರೆ, ಹೇಳಿ ಕಡಿಯುತ್ತಾರೆ.

ಮೊದಲೇ ಗೊತ್ತಾದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿಯಿದೆ. ಬೆಂಗಳೂರಿನ ಉಕ್ಕಿನ ಮೇಲ್ಸೇತುವೆಗಾಗಿ 812 ಮರ ಕಡಿಯುವ ಯೋಜನೆ ಬಯಲಾದಾಗ, 2016ರ ಅಕ್ಟೋಬರ್‌ನಲ್ಲಿ ಸಾವಿರಾರು ಜನ ಕೈ ಕೈ ಹಿಡಿದು ರಸ್ತೆಯುದ್ದಕ್ಕೂ ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ಜನರಿಗೆ ತಿಳಿದಿತ್ತು, ಮರ ಉಳಿಯಿತು. ಬಾಗಿಲು ಹಾಕಿಕೊಂಡು ಸಭೆ ಮಾಡುವವರು ಹೆದರುವುದು ಇದಕ್ಕೇ.

ಮಂಡ್ಯದ ಮಣ್ಣಿಗೆ ಈ ಪಾಠ ಹೊಸದಲ್ಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ನಿಷೇಧಾಜ್ಞೆಯನ್ನು ಲೆಕ್ಕಿಸದೆ ಜನ ಸಭೆ ಸೇರಿದರು, ಧ್ವಜ ಹಾರಿಸಿದರು. ರಾಜರ ಆಳ್ವಿಕೆಯಲ್ಲಿ ಸಭೆ ಸೇರುವ ಹಕ್ಕಿಗಾಗಿ ಜೈಲಿಗೆ ಹೋದ ಹಿರಿಯರ ಮೊಮ್ಮಕ್ಕಳು ನಾವು. ನಾವೇ ಓಟು ಹಾಕಿ ಕೂರಿಸಿದವರು ನಮ್ಮ ಸಭೆಯನ್ನು ನಮ್ಮಿಂದಲೇ ಮುಚ್ಚಿಟ್ಟರೆ ಸಹಿಸಬೇಕೇ?

ನಮ್ಮ ಬೇಡಿಕೆ ಚಿಕ್ಕದು, ಕಾನೂನಿನ ಒಳಗಿನದು. ಪ್ರತಿ ಸಭೆಯ ದಿನ ಮತ್ತು ವಿಷಯವನ್ನು ಏಳು ದಿನ ಮುಂಚೆ ಡೇರಿ, ನ್ಯಾಯಬೆಲೆ ಅಂಗಡಿ, ಬಸ್ ಸ್ಟಾಪಿನಲ್ಲಿ ಅಂಟಿಸಿ. ತಮಟೆ ಹೊಡೆಸಿ ಕೇರಿ ಕೇರಿಗೂ ಸಾರಿ. ನಡಾವಳಿಯನ್ನು ಬೀಗವಿಲ್ಲದ ಫಲಕಕ್ಕೆ ಹಾಕಿ. ಒಂದೇ ಒಂದು ಮರವಾದರೂ ಸರಿ, ಊರನ್ನು ಕೇಳಿ ಕಡಿಯಿರಿ.

ಓದುಗರೇ, ಇವತ್ತೇ ನಿಮ್ಮ ಪಂಚಾಯ್ತಿಗೆ ಹೋಗಿ. ಕಳೆದ ಸಭೆಯ ನೋಟಿಸು, ಹಾಜರಿ, ನಡಾವಳಿ ಕೇಳಿ. ಕೊಡದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಲೇಬೇಕು. ಮುಂದಿನ ಸಭೆಗೆ ಹತ್ತು ಜನ ಜೊತೆಯಾಗಿ ಹೋಗಿ ಕೂತುಕೊಳ್ಳಿ. ಊರಿಗೆ ಹೇಳದೆ ಮಾಡಿದ ತೀರ್ಮಾನ ಊರಿನ ತೀರ್ಮಾನವಲ್ಲ, ಅದನ್ನು ಒಪ್ಪಬೇಡಿ.