ದೇಹವನ್ನೂ ಮನಸ್ಸನ್ನೂ ಒಟ್ಟಿಗೆ ಓದಲಿ

ಪಿ.ಯು.ಸಿ. ಫಲಿತಾಂಶ ಬರುವ ದಿನಗಳಲ್ಲಿ ಔಷಧಿಗೆಂದು ನಮ್ಮಲ್ಲಿಗೆ ಬರುವ ತಂದೆತಾಯಂದಿರು ಮಕ್ಕಳ ಓದಿನ ಮಾತನ್ನೂ ಎತ್ತುವುದು ವಾಡಿಕೆ. ವೈದ್ಯಕೀಯ ಸೀಟು ದೊರೆಯದಿದ್ದರೂ ಜೀವಶಾಸ್ತ್ರದಲ್ಲಿ ಆಸಕ್ತಿ ಉಳಿಸಿಕೊಂಡ ಮಗಳೋ ಮಗನೋ ಪದವಿಯಲ್ಲಿ ಅದರೊಡನೆ ಮನಃಶಾಸ್ತ್ರವನ್ನೂ ಓದುತ್ತೇನೆಂದರೆ ಮನೆಯವರಿಗೆ ಕಳವಳ. ಅದು ಕಲಾ ವಿಭಾಗದ ವಿಷಯ, ವಿಜ್ಞಾನ ಓದಿದವರಿಗೆ ಏತಕ್ಕೆ ಎಂಬುದು ಒಂದು ಪ್ರಶ್ನೆ. ಹುಚ್ಚರ ನಡುವೆ ಕೆಲಸ ಮಾಡುವ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ ಎಂಬುದು ಬಾಯಿಬಿಟ್ಟು ಕೇಳದ ಇನ್ನೊಂದು. ಎರಡಕ್ಕೂ ನಮ್ಮ ಉತ್ತರ ಒಂದೇ: ತಡೆಯಬೇಡಿ, ಓದಲಿ.

ಈ ಎರಡು ಶಾಸ್ತ್ರಗಳ ನಡುವಿನ ಗೋಡೆಯನ್ನು ಕಟ್ಟಿದ್ದು ಕಾಲೇಜಿನ ವೇಳಾಪಟ್ಟಿಯೇ ಹೊರತು ಆ ಶಾಸ್ತ್ರಗಳಲ್ಲ. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮನಃಶಾಸ್ತ್ರದ ಪ್ರಯೋಗಾಲಯ ತೆರೆದ ವಿಲ್ಹೆಲ್ಮ್ ವುಂಟ್ ವೈದ್ಯಶಾಸ್ತ್ರ ಓದಿದವರು. ಅಮೆರಿಕೆಯಲ್ಲಿ ಈ ಶಾಸ್ತ್ರಕ್ಕೆ ನೆಲೆ ಒದಗಿಸಿದ ವಿಲಿಯಂ ಜೇಮ್ಸ್ ಮೊದಲು ವೈದ್ಯಕೀಯ ಪದವಿ ಪಡೆದು, ಹಾರ್ವರ್ಡ್‌ನಲ್ಲಿ ಅಂಗರಚನೆ ಹಾಗೂ ಶರೀರಕ್ರಿಯೆಗಳ ಪಾಠ ಹೇಳಿದವರು. ಗಂಟೆಯ ಸದ್ದಿಗೆ ನಾಯಿ ಜೊಲ್ಲು ಸುರಿಸುವ ಪ್ರಯೋಗದಿಂದ ಮನೆಮಾತಾದ ಪಾವ್ಲೋವ್ ಅವರಿಗೆ 1904ರಲ್ಲಿ ನೊಬೆಲ್ ದೊರೆತದ್ದು ಜೀರ್ಣಕ್ರಿಯೆಯ ಸಂಶೋಧನೆಗೆ. ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೂ 1924ರಷ್ಟು ಹಿಂದೆಯೇ ಮನಃಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಬೆಳೆಸಿದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ‘ಆಕಾಶವಾಣಿ’ ಬಾನುಲಿಯನ್ನು ಆರಂಭಿಸಿದವರು ಎಂಬುದನ್ನು ಹಿರಿಯ ಓದುಗರು ಬಲ್ಲರು.

ನಮ್ಮ ಆಯುರ್ವೇದವಂತೂ ಈ ಗೋಡೆಯನ್ನು ಎಂದೂ ಒಪ್ಪಿಲ್ಲ. ರೋಗಕ್ಕೆ ಶರೀರ ಮತ್ತು ಮನಸ್ಸು ಎರಡೂ ಆಶ್ರಯವೆಂದು ಚರಕಸಂಹಿತೆ ಹೇಳುತ್ತದೆ. ವಾತ ಪಿತ್ತ ಕಫಗಳೊಡನೆ ರಜಸ್ಸು ತಮಸ್ಸುಗಳನ್ನೂ ದೋಷವೆಂದು ಎಣಿಸುತ್ತದೆ. ಮನಸ್ಸನ್ನು ಅಹಿತದಿಂದ ಹಿಂದೆಗೆಯುವ ಸತ್ತ್ವಾವಜಯವನ್ನು ಪ್ರತ್ಯೇಕ ಚಿಕಿತ್ಸೆಯಾಗಿ ಹೆಸರಿಸುತ್ತದೆ. ಆದರೆ ಇಷ್ಟನ್ನು ಹೇಳಿ, ‘ಎಲ್ಲವೂ ಚರಕನಲ್ಲಿಯೇ ಇದೆ, ಹೊಸದೇನು ಓದುವುದು’ ಎನ್ನುವ ನಮ್ಮ ಸಹವೃತ್ತಿಯ ಕೆಲವರ ಮಾತು ನಮಗೆ ಸಮ್ಮತವಲ್ಲ. ನರಕೋಶದಿಂದ ನರಕೋಶಕ್ಕೆ ಸಂದೇಶ ಹೇಗೆ ದಾಟುತ್ತದೆ, ಭಯವಾದಾಗ ಅಡ್ರಿನಲ್ ಗ್ರಂಥಿ ಏನನ್ನು ರಕ್ತಕ್ಕೆ ಬಿಡುತ್ತದೆ ಎಂಬುದನ್ನು ಸೂಕ್ಷ್ಮದರ್ಶಕವೂ ರಸಾಯನಶಾಸ್ತ್ರವೂ ತಿಳಿಸಬೇಕಾಯಿತು. ಹಳೆಯ ದೃಷ್ಟಿ ನಮ್ಮಲ್ಲಿದೆಯೆಂಬ ಅಭಿಮಾನ ಹೊಸ ವಿವರವನ್ನು ಕಲಿಯಲು ಅಡ್ಡಿಯಾಗಕೂಡದು.

ಇದರ ಬೆಲೆ ತಿಳಿಯುವುದು ರೋಗಿಯ ಮುಂದೆ ಕುಳಿತಾಗ. ನಡುವಯಸ್ಸಿನ ಗೃಹಿಣಿಯೊಬ್ಬರಿಗೆ ಯಾವುದರಲ್ಲಿಯೂ ಆಸಕ್ತಿಯಿಲ್ಲ, ಸದಾ ಆಯಾಸ, ಮಾತು ನಿಧಾನ. ಮನೆಯವರು ಸೋಮಾರಿತನವೆನ್ನುತ್ತಾರೆ, ನೆರೆಯವರು ಗಾಳಿ ಸೋಕಿದೆಯೆನ್ನುತ್ತಾರೆ. ತಿಳಿದವರೆನಿಸಿಕೊಂಡವರು ಖಿನ್ನತೆಯೆಂದು ನಿರ್ಧರಿಸಿಬಿಡುತ್ತಾರೆ. ಜೊತೆಗೆ ಮಲಬದ್ಧತೆಯಿದೆಯೇ, ಚಳಿ ತಡೆಯದೇ, ತೂಕ ಏರಿದೆಯೇ ಎಂದು ಕೇಳಿ ಥೈರಾಯ್ಡ್ ಪರೀಕ್ಷೆ ಮಾಡಿಸಿದರೆ ಎಷ್ಟೋ ಬಾರಿ ಕಾರಣ ಅಲ್ಲಿಯೇ ಸಿಗುತ್ತದೆ. ನಮ್ಮ ಭಕ್ತರಲ್ಲಿ ಬಹುಪಾಲು ಸಸ್ಯಾಹಾರಿಗಳು. ಬಿ12 ಜೀವಸತ್ವ ಕಾಳು ಸೊಪ್ಪುಗಳಲ್ಲಿ ದೊರೆಯುವುದಿಲ್ಲ, ಹಾಲು ಮೊಸರು ಸಾಲದಿದ್ದರೆ ಕೊರತೆಯಾಗುತ್ತದೆ. ಅಂಗಾಲು ಜುಮ್ಮೆನ್ನುವುದರ ಜೊತೆಗೆ ಮರೆವು, ಮಂಕು, ಸಿಡುಕು ಸಹ ಅದರಿಂದ ಬರಬಹುದು. ವಯಸ್ಸಾಯಿತು, ಅರಳುಮರಳು ಎಂದು ಅಜ್ಜನನ್ನು ಮೂಲೆಗೆ ಕೂರಿಸುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸಬೇಡವೇ?

ಇದಕ್ಕೆ ವಿರುದ್ಧವಾದುದೂ ಉಂಟು. ಎದೆ ಹೊಡೆದುಕೊಳ್ಳುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ, ಈಗಲೇ ಪ್ರಾಣ ಹೋಗುತ್ತದೆಂದು ಓಡಿಬರುವ ತರುಣನ ಇ.ಸಿ.ಜಿ. ಸರಿಯಾಗಿಯೇ ಇರುತ್ತದೆ. ‘ನಿನಗೇನೂ ಆಗಿಲ್ಲ’ ಎಂದು ಕಳುಹಿಸಿದರೆ ಅವನು ಮತ್ತೊಂದು ಆಸ್ಪತ್ರೆಗೆ ಹೋಗಿ ಮತ್ತೊಂದು ಪರೀಕ್ಷೆಗೆ ಹಣ ಕಟ್ಟುತ್ತಾನೆ. ಅವನಿಗೆ ಆಗಿರುವುದು ಉಂಟು. ಭಯ ಮನಸ್ಸಿನದು, ಬಡಿತ ಹೃದಯದ್ದು. ಅವೆರಡರ ನಂಟನ್ನು ಅವನಿಗೆ ಬಿಡಿಸಿ ಹೇಳಬಲ್ಲವರು ನಮ್ಮ ತಾಲ್ಲೂಕುಗಳಲ್ಲಿ ಬೆರಳೆಣಿಕೆಯಷ್ಟು ಮಂದಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ (14416) ಯಾರು ಬೇಕಾದರೂ ಕರೆ ಮಾಡಬಹುದು, ಆದರೆ ಕರೆಯ ಆ ತುದಿಯಲ್ಲಿ ಕುಳಿತುಕೊಳ್ಳುವವರನ್ನು ನಮ್ಮ ಮನೆಗಳೇ ಕಳುಹಿಸಿಕೊಡಬೇಕಲ್ಲವೇ?

ಹಾಗೆಂದು ಎರಡು ವಿಷಯ ಓದಿದ ಮಾತ್ರಕ್ಕೆ ಚಿಕಿತ್ಸೆಯ ಅಧಿಕಾರ ಬರುವುದಿಲ್ಲ; ಇದನ್ನು ಪೋಷಕರು ಸ್ಪಷ್ಟವಾಗಿ ತಿಳಿದಿರಬೇಕು. ಮಾತ್ರೆ ಬರೆದುಕೊಡುವ ಮನೋವೈದ್ಯರಾಗಲು ಎಂ.ಬಿ.ಬಿ.ಎಸ್. ಮುಗಿಸಿ ಅನಂತರ ಅದರಲ್ಲಿ ವಿಶೇಷ ವ್ಯಾಸಂಗ ಮಾಡಬೇಕು. ಚಿಕಿತ್ಸಾ ಮನಃಶಾಸ್ತ್ರಜ್ಞರಾಗಲು ಸ್ನಾತಕೋತ್ತರ ಪದವಿಯೊಂದೇ ಸಾಲದು, ಮಾನ್ಯತೆ ಪಡೆದ ತರಬೇತಿಯೂ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯೂ ಬೇಕು. ದಾರಿ ಉದ್ದವಾದುದು. ಸಂಖ್ಯಾಶಾಸ್ತ್ರಕ್ಕೆ ಅಂಜುವ ಮಗುವಿಗೆ ಇನ್ನೂ ಉದ್ದ, ಏಕೆಂದರೆ ಮನಃಶಾಸ್ತ್ರವೆಂದರೆ ಕೇವಲ ಸಮಾಧಾನದ ಮಾತಲ್ಲ. ಅಲ್ಲಿ ಅಳತೆಯೂ ಲೆಕ್ಕವೂ ಇವೆ. ವೈದ್ಯಕೀಯ ಸಿಗಲಿಲ್ಲವೆಂಬ ಸಂಕಟಕ್ಕೆ ಇದನ್ನು ಹಿಡಿಯುವುದಾದರೆ ಬೇಡ. ಮನುಷ್ಯ ಏಕೆ ಹೀಗೆ ವರ್ತಿಸುತ್ತಾನೆ ಎಂಬ ಕುತೂಹಲ ಮಗುವಿಗೆ ನಿಜವಾಗಿಯೂ ಇದ್ದರೆ, ಖಂಡಿತ ಓದಿಸಿ.

ರಾಜ್ಯದಲ್ಲಿ 2021-22ರಲ್ಲಿ ಬಂದ ನಾಲ್ಕು ವರ್ಷದ ಪದವಿ ಕ್ರಮ 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ಈ ಬದಲಾವಣೆಗಳ ನಡುವೆ ಯಾವ ಕಾಲೇಜಿನಲ್ಲಿ ಯಾವ ವಿಷಯಗಳು ಜೊತೆಗೂಡುತ್ತವೆ ಎಂಬುದು ಎಲ್ಲೆಡೆ ಒಂದೇ ಆಗಿಲ್ಲ. ಆದ್ದರಿಂದ ಶುಲ್ಕ ಕಟ್ಟುವ ಮೊದಲು ಕಾಲೇಜಿಗೆ ಹೋಗಿ ವಿಚಾರಿಸಿ: ಪ್ರಾಣಿಶಾಸ್ತ್ರದೊಡನೆ ಮನಃಶಾಸ್ತ್ರವನ್ನು ಮುಖ್ಯ ವಿಷಯವಾಗಿ ಮೂರೂ ವರ್ಷ ಓದಲು ಅವಕಾಶವಿದೆಯೇ, ಅದಕ್ಕೆ ಪ್ರಯೋಗಾಲಯವಿದೆಯೇ, ಖಾಯಂ ಅಧ್ಯಾಪಕರಿದ್ದಾರೆಯೇ? ಒಂದೆರಡು ಅವಧಿಯ ಐಚ್ಛಿಕ ಪತ್ರಿಕೆಯನ್ನು ತೋರಿಸಿ ಸೇರಿಸಿಕೊಳ್ಳುವವರಿದ್ದಾರೆ. ಪದವಿಯಲ್ಲಿ ಪೂರ್ಣವಾಗಿ ಮನಃಶಾಸ್ತ್ರ ಓದಿರಬೇಕೆಂದು ಎಂ.ಎಸ್ಸಿ. ಪ್ರವೇಶಕ್ಕೆ ಷರತ್ತು ಹಾಕುವ ವಿಶ್ವವಿದ್ಯಾನಿಲಯಗಳಲ್ಲಿ ಅಂಥ ಪತ್ರಿಕೆ ಲೆಕ್ಕಕ್ಕೆ ಬರುವುದಿಲ್ಲ.